ಎಪ್ಲಿ ಮಾಡಿಸಿದ ಮೇಲೆ ತಲೆಸುತ್ತು ನಿಜವಾಗಿ ಹೋಯಿತೇ?

ಬಲಕ್ಕೆ ಹೊರಳಿದರೆ ಕೋಣೆಯೇ ಗಿರ್ರನೆ ತಿರುಗುತ್ತಿತ್ತು. ಇಎನ್‌ಟಿ ವೈದ್ಯರು ಬಿಪಿಪಿವಿ, ಅಂದರೆ ಒಳಕಿವಿಯ ಹರಳು ಜಾಗ ತಪ್ಪಿ ಬರುವ ತಲೆಸುತ್ತು ಎಂದು ಹೇಳಿ, ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಮರಳಿಸುವ ಎಪ್ಲಿ ವಿಧಾನ ಮಾಡಿದರು. ನಾಲ್ಕು ದಿನವಾಯಿತು. ಈಗ ಸುತ್ತುವುದಿಲ್ಲ, ಆದರೆ ನಡೆಯುವಾಗ ತೇಲಿದಂತಾಗುತ್ತದೆ. ಇದನ್ನು ವಾಸಿ ಎನ್ನಬಹುದೇ? ಅನುಭವವಿದ್ದವರು ತಿಳಿಸಿ.

— ಬಲಮಗ್ಗುಲಿಗೆ ಹೊರಳಿ ನೋಡಿದಿರಾ? ಮೊದಲು ಅದನ್ನು ಹೇಳಿ. ನಾನು ಮೋಸಹೋದದ್ದು ಅಲ್ಲೇ. ಎಪ್ಲಿ ಆದ ಮೇಲೆ ಹೆದರಿ ಹತ್ತು ದಿನ ಎರಡು ದಿಂಬು ಇಟ್ಟುಕೊಂಡು ಎಡಮಗ್ಗುಲಲ್ಲೇ ಮಲಗಿದೆ. ಸುತ್ತು ಬರಲಿಲ್ಲ, ವಾಸಿಯಾಯಿತು ಎಂದುಕೊಂಡೆ. ಹನ್ನೊಂದನೆಯ ದಿನ ಅಟ್ಟದ ಮೇಲಿದ್ದ ಹಪ್ಪಳದ ಡಬ್ಬಿಗಾಗಿ ಕತ್ತೆತ್ತಿದೆ, ಅಷ್ಟೇ. ಡಬ್ಬಿ ಕೈಬಿಟ್ಟು ಗೋಡೆ ಹಿಡಿದು ಕುಸಿದು ಕುಳಿತೆ. ಕಾಯಿಲೆ ಹೋಗಿಯೇ ಇರಲಿಲ್ಲ. ನಾನು ಅದನ್ನು ಕೆಣಕದೆ ಇದ್ದೆ.

ಮತ್ತೆ ಹೋದಾಗ ವೈದ್ಯರು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿದರು. ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಕತ್ತು ಮಂಚದ ಅಂಚಿನಿಂದ ತುಸು ಕೆಳಗೆ ಬಾಗುವಂತೆ ಥಟ್ಟನೆ ಮಲಗಿಸಿದರು. “ಕಣ್ಣು ಮುಚ್ಚಬೇಡಿ” ಎಂದು ನನ್ನ ಕಣ್ಣನ್ನೇ ನೋಡುತ್ತಿದ್ದರು. ಒಳಕಿವಿಯ ನಾಳದಲ್ಲಿ ಸುಣ್ಣದ ಹರಳುಗಳು ಉಳಿದಿದ್ದರೆ ಕೆಲವು ಸೆಕೆಂಡು ಕಳೆದು ಕಣ್ಣುಗುಡ್ಡೆ ತಿರುಚಿದಂತೆ ಅದುರುತ್ತದೆ, ಕೋಣೆ ಸುತ್ತುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ನನ್ನ ಕಣ್ಣು ಅದುರಿತು. ಅಲ್ಲೇ ಮತ್ತೊಮ್ಮೆ ಎಪ್ಲಿ ಮಾಡಿದರು. ವಾರ ಬಿಟ್ಟು ಅದೇ ಪರೀಕ್ಷೆ ಮಾಡಿದಾಗ ಕಣ್ಣು ಕದಲಲಿಲ್ಲ. ಚಾವಣಿಯ ಫ್ಯಾನು ಇದ್ದಲ್ಲೇ ಇತ್ತು. ಆಗ ನಂಬಿದೆ.

ತೇಲಿದಂತಾಗುವುದಕ್ಕೆ ಹೆದರಬೇಡಿ. ಹರಳು ಸ್ವಸ್ಥಾನಕ್ಕೆ ಮರಳಿದರೂ ಅದು ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ ಉಳಿಯುತ್ತದೆ. ನನಗೆ ದಿನವೂ ನಡೆದಾಡುತ್ತಾ ಕಡಿಮೆಯಾಯಿತು.

— ನಮ್ಮ ತಂದೆಯವರ ಕಥೆ ಬೇರೆ. ಎಪ್ಲಿ ಆದ ಮೇಲೆ ಅಂಗಾತ ಮಲಗಿ ಎಡಕ್ಕೆ ಹೊರಳಿದರೂ ಬಲಕ್ಕೆ ಹೊರಳಿದರೂ ಸುತ್ತತೊಡಗಿತು. ಹರಳು ಪಕ್ಕದ ಅಡ್ಡ ನಾಳಕ್ಕೆ ಜಾರಿತ್ತು. ಅದಕ್ಕೆ ಎಪ್ಲಿ ಸಾಲದು, ಹೊರಳಿಸುವ ಕ್ರಮವೇ ಬೇರೆ. ಆದ್ದರಿಂದ ವಿಡಿಯೋ ನೋಡಿ ಮನೆಯಲ್ಲಿ ಮತ್ತೆ ಮತ್ತೆ ಮಾಡಿಕೊಳ್ಳುವ ಬದಲು ವೈದ್ಯರಿಗೆ ತೋರಿಸಿ. ತಲೆಸುತ್ತಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಕೆಲವು ಮಾತ್ರೆಗಳು ಕಣ್ಣಿನ ಅದುರುವಿಕೆಯನ್ನು ತಗ್ಗಿಸುತ್ತವೆ. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಕಿವಿಯದೆಂದು ಸುಮ್ಮನಿರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

— ಇಬ್ಬರಿಗೂ ಧನ್ಯವಾದ. ರಾತ್ರಿ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಲಕ್ಕೆ ಹೊರಳಿದೆ. ಸುತ್ತಲಿಲ್ಲ. ಆದರೂ ಸೋಮವಾರ ಪರೀಕ್ಷೆಗೆ ಹೋಗುತ್ತೇನೆ.