ಅಮ್ಮನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ: ಕಾಯುವ ದಿನಗಳಲ್ಲಿ ನೀವೇನು ಮಾಡಿದಿರಿ?

ಪ್ರಶ್ನೆ: ಚಿಕ್ಕಮಗಳೂರಿನಿಂದ, ಮೇ 2021

ನಮ್ಮ ತಾಯಿಯವರಿಗೆ 61 ವರ್ಷ. ಎಡ ಸ್ತನದ ಗಡ್ಡೆ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಈ ತಿಂಗಳು ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಯನ್ನು, ಐಸಿಯು ಹಾಸಿಗೆಗಳೆಲ್ಲ ಕೋವಿಡ್ ರೋಗಿಗಳಿಂದ ತುಂಬಿರುವ ಕಾರಣ, ದಿನಾಂಕ ಹೇಳದೆ ಮುಂದೂಡಿದ್ದಾರೆ. ಅಮ್ಮ ರಾತ್ರಿ ಎದ್ದು ಕುಳಿತು ಗಡ್ಡೆಯನ್ನು ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ. ಈ ಸ್ಥಿತಿಯನ್ನು ದಾಟಿದವರು ದಯವಿಟ್ಟು ತಿಳಿಸಿ.

ಉತ್ತರ: ಸಕಲೇಶಪುರದಿಂದ

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ನನ್ನ ಶಸ್ತ್ರಚಿಕಿತ್ಸೆಗೆ ಹತ್ತು ದಿನ ಬಾಕಿಯಿತ್ತು. 'ನಾವೇ ಫೋನ್ ಮಾಡುತ್ತೇವೆ' ಎಂದು ಆಸ್ಪತ್ರೆಯವರು ಹೇಳಿದ್ದನ್ನು ನಂಬಿ ಹದಿನೆಂಟು ದಿನ ಸುಮ್ಮನಿದ್ದುದೇ ನಾನು ಮಾಡಿದ ತಪ್ಪು. ಕೊನೆಗೆ ನಾನೇ ವಿಚಾರಿಸಿದಾಗ, ಪಟ್ಟಿ ನೋಡಿಕೊಳ್ಳುತ್ತಿದ್ದವರನ್ನು ಕೋವಿಡ್ ಕೆಲಸಕ್ಕೆ ಹಾಕಿರುವುದೂ ನನ್ನ ಫೈಲು ಯಾರ ಬಳಿಯೂ ಇಲ್ಲದಿರುವುದೂ ತಿಳಿಯಿತು. ಆದ್ದರಿಂದ ವಾರಕ್ಕೊಮ್ಮೆ ನೀವೇ ಫೋನ್ ಮಾಡಿ, ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ವೈದ್ಯರು ಫೋನಿಗೆ ಸಿಕ್ಕಾಗ, ನರ್ಸ್ ಆಗಿರುವ ನನ್ನ ನಾದಿನಿ ಹೇಳಿಕೊಟ್ಟಂತೆ, 'ಆಪರೇಷನ್ ಯಾವಾಗ' ಎನ್ನುವ ಬದಲು 'ಆಪರೇಷನ್ ಆಗುವವರೆಗೆ ಏನು ಚಿಕಿತ್ಸೆ' ಎಂದು ಕೇಳಿದೆ. ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್2 ಎಂಬ ಮೂರು ಸಾಲುಗಳಿರುತ್ತವೆ; ಗಡ್ಡೆಯು ಹಾರ್ಮೋನನ್ನು ಅವಲಂಬಿಸಿ ಬೆಳೆಯುವಂಥದೋ ಅಲ್ಲವೋ ಎಂಬುದನ್ನು ಮೊದಲೆರಡು ತಿಳಿಸುತ್ತವೆ, ಗಡ್ಡೆಯನ್ನು ಬೇಗ ಬೆಳೆಸುವ ಒಂದು ಪ್ರೋಟೀನ್ ಹೆಚ್ಚಾಗಿದೆಯೇ ಎಂಬುದನ್ನು ಹರ್2 ತಿಳಿಸುತ್ತದೆ. ನನ್ನದು ಇಆರ್ ಪಾಸಿಟಿವ್ ಆಗಿದ್ದು, ಮುಟ್ಟು ನಿಂತು ಆರು ವರ್ಷವಾಗಿದ್ದುದರಿಂದ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೊಡುವ, ಆ ಹಾರ್ಮೋನನ್ನು ತಗ್ಗಿಸುವ ಲೆಟ್ರೋಜೋಲ್ ಮಾತ್ರೆಯನ್ನು ಮೊದಲೇ ಆರಂಭಿಸಿದರು. ಬೆಳಗಿನ ಹೊತ್ತು ಕೀಲುಗಳು ಹಿಡಿದುಕೊಳ್ಳುತ್ತಿದ್ದುದು ನಿಜ. ಆದರೆ ಜುಲೈನಲ್ಲಿ ಶಸ್ತ್ರಚಿಕಿತ್ಸೆಯಾಗುವವರೆಗೂ ಗಡ್ಡೆ ಬೆಳೆಯಲಿಲ್ಲ. ಹರ್2 ಪಾಸಿಟಿವ್ ಇದ್ದವರಿಗೆ ಈ ಮಾತ್ರೆಯೊಂದೇ ಸಾಲದು. ಮೂರೂ ನೆಗೆಟಿವ್ ಆದವರಿಗೆ ಇದರಿಂದ ಪ್ರಯೋಜನವಿಲ್ಲ. ಅಂಥವರಿಗೆ ಕೀಮೋವನ್ನೇ ಮೊದಲು ಕೊಡುವುದುಂಟು.

ಮುಟ್ಟಿ ನೋಡುವ ವಿಷಯ: ನಾನೂ ಹಾಗೆಯೇ ಇದ್ದೆ. ದಿನವೂ ಮುಟ್ಟುವ ಬೆರಳಿಗೆ ಗಡ್ಡೆ ದಿನವೂ ದೊಡ್ಡದಾದಂತೆಯೇ ತೋರುತ್ತದೆ. ಹಾಸನದಲ್ಲಿ ಸ್ಕ್ಯಾನಿಂಗ್ ಮಾಡಿಸಿ ಅಳತೆಯನ್ನು ವಾಟ್ಸಾಪ್‌ನಲ್ಲಿ ವೈದ್ಯರಿಗೆ ಕಳುಹಿಸಿದ ಮೇಲೆ, ಸೋಮವಾರ ಸ್ನಾನದ ಹೊತ್ತಿನಲ್ಲಿ ಮಾತ್ರ ನೋಡಿಕೊಳ್ಳುವುದೆಂದು ನಾದಿನಿಗೆ ಮಾತು ಕೊಟ್ಟೆ. ಆ ಮಾತನ್ನು ಎರಡು ಬಾರಿ ಮುರಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ: ಅರಕಲಗೂಡಿನಿಂದ

ಮೇಲಿನ ಅಕ್ಕನವರ ಮಾತು ಸರಿ, ಆದರೆ ಎಲ್ಲ ಕ್ಯಾನ್ಸರ್‌ಗೂ ಅನ್ವಯಿಸುವುದಿಲ್ಲ. ನಮ್ಮ ತಂದೆಯವರದು ದೊಡ್ಡ ಕರುಳಿನದು. ಕಾಯುತ್ತಿದ್ದಾಗ ಹೊಟ್ಟೆ ಉಬ್ಬರಿಸಿ, ಗಾಳಿಯೂ ಹೋಗದೆ, ವಾಂತಿ ಶುರುವಾಯಿತು. ಕೋವಿಡ್ ಭಯದಿಂದ ಒಂದು ರಾತ್ರಿ ತಡಮಾಡಿದೆವು. ಕರುಳು ಕಟ್ಟಿಕೊಂಡು ತುರ್ತು ಶಸ್ತ್ರಚಿಕಿತ್ಸೆಯಾಗಿ, ಅವರು ಏಳು ತಿಂಗಳು ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಇಟ್ಟುಕೊಳ್ಳಬೇಕಾಯಿತು. ಯಾವ ಲಕ್ಷಣ ಕಂಡರೆ ಒಂದು ದಿನವೂ ಕಾಯಬಾರದು ಎಂಬುದನ್ನು ಈಗಲೇ ವೈದ್ಯರಿಂದ ಬರೆಸಿಕೊಳ್ಳಿ. ನಿಮ್ಮ ತಾಯಿಯವರ ಮಟ್ಟಿಗೆ, ಗಡ್ಡೆಯ ಮೇಲಿನ ಚರ್ಮ ಕೆಂಪಾಗುವುದು, ಒಡೆಯುವುದು, ಕಂಕುಳಲ್ಲಿ ಹೊಸ ಗಂಟು ಕಾಣುವುದು ತಡಮಾಡದೆ ತಿಳಿಸಬೇಕಾದ ಸಂಗತಿಗಳು.

ಉತ್ತರ: ಮೂಡಿಗೆರೆಯಿಂದ

ನನ್ನ ಪತ್ನಿಗೆ ಹೊಸ ದಿನಾಂಕ ಸಿಕ್ಕ ಮೇಲೆ ಮನೆಯಲ್ಲೇ ಕೋವಿಡ್ ಬಂತು. ಸೋಂಕು ತಗುಲಿದ ಏಳು ವಾರಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅಪಾಯ ಹೆಚ್ಚೆಂದು ಈ ಮಾರ್ಚ್‌ನಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವನ್ನು ತೋರಿಸಿ, ವೈದ್ಯರು ಮತ್ತೆ ಮುಂದೂಡಿದರು. ದಿನಾಂಕ ಯಾವಾಗ ಬೇಕಾದರೂ ಸಿಗಬಹುದಾದ್ದರಿಂದ, ಮದುವೆ, ತಿಥಿಗಳಿಗೆ ಮನೆಯಿಂದ ಯಾರೂ ಹೋಗಬೇಡಿ. 45 ದಾಟಿದವರಿಗೆ ಲಸಿಕೆ ಸಿಗುತ್ತಿದೆ. ಅಮ್ಮನಿಗೆ ಯಾವಾಗ ಹಾಕಿಸಬೇಕೆಂದು ಅವರ ವೈದ್ಯರನ್ನೇ ಕೇಳಿ.

ಇನ್ನೊಂದು. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಹೆಚ್ಚುತ್ತದೆಂಬ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2020ರ ನವೆಂಬರ್‌ನಲ್ಲಿ ಬಂದ ಅಂದಾಜನ್ನು ಓದಿ ನಾನು ನಿದ್ದೆಗೆಟ್ಟೆ. ಅದರ ಅರ್ಥ ನೂರಕ್ಕೆ ಹತ್ತಿದ್ದ ಅಪಾಯ ಹದಿನೆಂಟಾಗುತ್ತದೆಂದಲ್ಲ, ಹನ್ನೊಂದರ ಹತ್ತಿರ ಬರುತ್ತದೆಂದು. ತಡವಾಗುವುದು ಒಳ್ಳೆಯದೆಂದು ಹೇಳುತ್ತಿಲ್ಲ. ಅಮ್ಮನ ಮುಂದೆ ಯಾರಾದರೂ ಈ ಅಂಕಿಯನ್ನು ಓದಿದರೆ ಉತ್ತರ ನಿಮ್ಮ ಬಳಿ ಇರಲಿ.

ಪ್ರಶ್ನೆ ಕೇಳಿದವರು

ವರದಿ ತೆಗೆದು ನೋಡಿದೆ. ಇಆರ್, ಪಿಆರ್ ಪಾಸಿಟಿವ್. ಹರ್2 ಸಾಲಿನಲ್ಲಿ ಮಾತ್ರ '2+' ಎಂದಿದೆ.

ಉತ್ತರ: ಸಕಲೇಶಪುರದಿಂದ

ನಾದಿನಿಯನ್ನು ಕೇಳಿದೆ. 2+ ಎಂದರೆ ಇತ್ತ ಪಾಸಿಟಿವ್ ಅಲ್ಲ, ಅತ್ತ ನೆಗೆಟಿವ್ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆಯಾದರೇ ತೀರ್ಮಾನ. ಅದಕ್ಕೆ ಅಮ್ಮ ಎಲ್ಲಿಗೂ ಹೋಗಬೇಕಾಗಿಲ್ಲ, ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಗಡ್ಡೆಯ ತುಣುಕನ್ನು ಹುದುಗಿಸಿಟ್ಟಿರುವ ಮೇಣದ ಬ್ಲಾಕ್ ಸಾಕು. ನಾಳೆ ಬೆಳಿಗ್ಗೆ ವೈದ್ಯರಿಗೆ ಫೋನ್ ಮಾಡಿದಾಗ ಮೊದಲು ಇದನ್ನೇ ಕೇಳಿ.