ಎದ್ದು ನಿಂತರೆ ಮಾತೇ ಹೊರಡುವುದಿಲ್ಲ, ಹೇಗೆ ಸರಿ ಮಾಡಿಕೊಳ್ಳಲಿ?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 29. ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದು ತೋಟದ ಲೆಕ್ಕ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಊರಿನ ಸೊಸೈಟಿ ಮೀಟಿಂಗಿನಲ್ಲಿ ಒಂದು ವಿಷಯ ಹೇಳಬೇಕು ಅಂತ ಹೋಗಿದ್ದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವವರು ಸಿಗುವುದಿಲ್ಲ, ತಡವಾದರೆ ಕಾಯಿ ಎಲ್ಲ ಉದುರಿ ಹೋಗುತ್ತದೆ, ಅದಕ್ಕೆ ಏಳೆಂಟು ಮನೆಯವರು ಸೇರಿ ಒಂದು ತಂಡ ಗೊತ್ತು ಮಾಡಿಕೊಂಡು ಸರದಿ ಹಾಕಿಕೊಳ್ಳೋಣ ಅಂತ. ಮೂರು ದಿನ ಕೂತು ಲೆಕ್ಕ ಬರೆದಿದ್ದೆ. ಎದ್ದು ನಿಂತೆ. ಕುತ್ತಿಗೆ ಬಿಸಿಯಾಯಿತು, ಗಂಟಲು ಕಟ್ಟಿತು. "ಏನಿಲ್ಲ" ಅಂತ ಹೇಳಿ ಕೂತುಬಿಟ್ಟೆ. ಅರ್ಧ ಗಂಟೆ ಬಿಟ್ಟು ಬೇರೆ ಯಾರೋ ಹೆಚ್ಚುಕಮ್ಮಿ ಅದನ್ನೇ ಹೇಳಿದರು, ಎಲ್ಲರೂ ಹೌದು ಹೌದು ಅಂದರು. ಮನೆಗೆ ಬಂದು ಅತ್ತುಬಿಟ್ಟೆ.

ಆರನೇ ಕ್ಲಾಸಿನಲ್ಲಿ ಭಾಷಣ ಮರೆತು ನಿಂತಿದ್ದಾಗ ಟೀಚರ್ ಒಬ್ಬರು "ನಿನಗೆ ಮಾತು ಬರಲ್ಲ, ಸುಮ್ನೆ ಕೂತ್ಕೋ" ಅಂದಿದ್ದರು. ಅಂದಿನಿಂದ ಅದೇ ಕಿವಿಯಲ್ಲಿ ಕೂತಿದೆ. ಹೊರಗೆ ಬಾಯಿ ಬಿಡುವುದಿಲ್ಲ, ಮನೆಯಲ್ಲಿ ಅಪ್ಪನ ಹತ್ತಿರ ಮಾತ್ರ ಎರಡೇ ಮಾತಿಗೆ ಸಿಟ್ಟು ಬರುತ್ತದೆ. ಹುಬ್ಬಳ್ಳಿಯಲ್ಲಿ ಎರಡು ದಿನದ ಎನ್‌ಎಲ್‌ಪಿ (ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಮಾತಿನ ಮೂಲಕ ಮನಸ್ಸಿನ ಅಭ್ಯಾಸ ಬದಲಿಸುವುದಂತೆ) ಶಿಬಿರ ಇದೆಯಂತೆ, ಹಳೇ ನಂಬಿಕೆ ಕಿತ್ತು ಹಾಕುತ್ತಾರಂತೆ. ಫೀಸು ಜಾಸ್ತಿ. ಹೋಗಲಾ? ನೀವು ಯಾರಾದರೂ ಇದನ್ನು ದಾಟಿದ್ದರೆ ಹೇಗೆ ಅಂತ ಹೇಳಿ.

ಅರ್ಥಧಾರಿ (ಸಿದ್ದಾಪುರ)

ತಂಗಿ, ನಾನು ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವನು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಪದ ಮುಗಿಸುತ್ತಾರೆ, ಮದ್ದಳೆ ನಿಲ್ಲುತ್ತದೆ, ಎಲ್ಲರ ಕಣ್ಣೂ ನಮ್ಮ ಮೇಲೆ. ಮೊದಲ ಸಲ ವಿದುರನಾಗಿ ಕೂತಾಗ ನನಗೂ ಒಂದಕ್ಷರ ಹೊರಡಲಿಲ್ಲ. ಎದುರಿಗೆ ಕೃಷ್ಣನಾಗಿದ್ದ ಹಿರಿಯರು ಸ್ವಲ್ಪ ಹೊತ್ತು ನೋಡಿ, ಪಾತ್ರದಲ್ಲೇ ಇದ್ದುಕೊಂಡು, "ಏನು ವಿದುರಾ, ನನ್ನನ್ನು ಕಂಡ ಸಂತೋಷಕ್ಕೆ ಮಾತೇ ಬಾರದಾಯಿತೇ?" ಅಂತ ಕೇಳಿದರು. "ಹೌದು ದೇವಾ" ಅಂದೆ. ಆ ಎರಡು ಶಬ್ದ ಹೊರಬಿದ್ದ ಮೇಲೆ ಮೂರನೆಯದು ತಾನಾಗಿ ಬಂತು.

ಇಪ್ಪತ್ತು ವರ್ಷ ಆದರೂ ಪದ ಮುಗಿಯುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಬದಲಾಗಿದ್ದು ಇಷ್ಟೇ: ಮೊದಲು ಎದೆ ಹೊಡೆದುಕೊಂಡರೆ "ನನ್ನಿಂದ ಆಗಲ್ಲ" ಅಂತ ಓದಿಕೊಳ್ಳುತ್ತಿದ್ದೆ. ಈಗ ಮನಸ್ಸಿನಲ್ಲೇ "ಎದೆ ಹೊಡ್ಕೊಳ್ತಾ ಇದೆ, ಅಂಗೈ ಬೆವರ್ತಾ ಇದೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡು ಒಂದು ಉಸಿರು ನಿಧಾನ ಬಿಡುತ್ತೇನೆ. ನೀವು ಇಡೀ ಭಾಷಣ ಬಾಯಿಪಾಠ ಮಾಡಬೇಡಿ. ಮೊದಲ ವಾಕ್ಯ ಒಂದನ್ನೇ ಗಟ್ಟಿ ಮಾಡಿಕೊಳ್ಳಿ.

ಕಡಲದಂಡೆ (ಕಾರವಾರ)

ನಾನು ಇಲ್ಲಿ ಆಪ್ತಸಮಾಲೋಚಕಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲಸಕ್ಕೆ ಗೋವಾ, ಹೀಗೆ ಮೂರು ನಾಲ್ಕು ಭಾಷೆಯ ನಡುವೆ ಓಡಾಡುವ ಮಕ್ಕಳೂ ನನ್ನ ಹತ್ತಿರ ಬಂದು "ನನಗೆ ಮಾತು ಬರಲ್ಲ ಮೇಡಂ" ಅಂತಲೇ ಶುರು ಮಾಡುತ್ತಾರೆ. ಅದನ್ನೂ ಚೆನ್ನಾಗಿ ಮಾತಾಡಿಯೇ ಹೇಳುತ್ತಾರೆ, ನೋಡಿ!

1960ರ ದಶಕದಲ್ಲಿ ಆರನ್ ಬೆಕ್ ಅಂತ ಅಮೆರಿಕದ ಮನೋವೈದ್ಯರು ಖಿನ್ನತೆ ಇದ್ದವರ ಜೊತೆ ಮಾತಾಡುವಾಗ ಒಂದು ಗಮನಿಸಿದರು. ದುಃಖ ಬರುವ ಮೊದಲು ಮನಸ್ಸಿನಲ್ಲಿ ಒಂದು ಸಣ್ಣ ವಾಕ್ಯ ಮಿಂಚಿ ಹೋಗುತ್ತದೆ, ಅದನ್ನು ನಾವು ನೋಡುವುದೇ ಇಲ್ಲ, ನೋಡದೇ ನಂಬಿಬಿಡುತ್ತೇವೆ. ಅದನ್ನು ಹಿಡಿಯುವುದಕ್ಕೆ ಬರೆಯುವುದೇ ದಾರಿ. ಒಂದು ನೋಟ್‌ಬುಕ್ ತಗೊಳ್ಳಿ. ಎಲ್ಲಿ ಏನಾಯಿತು, ಆ ಕ್ಷಣ ಯಾವ ವಾಕ್ಯ ಬಂತು, ಮೈಯಲ್ಲಿ ಏನಾಯಿತು, ಆ ವಾಕ್ಯ ನಿಜ ಅನ್ನುವುದಕ್ಕೆ ಏನು ಸಾಕ್ಷಿ, ಅಲ್ಲ ಅನ್ನುವುದಕ್ಕೆ ಏನು ಸಾಕ್ಷಿ. ನಿಮ್ಮ ವಾಕ್ಯಕ್ಕೆ ಬಲಗಡೆ "ಆರನೇ ಕ್ಲಾಸು, ಒಂದು ದಿನ, ಒಬ್ಬರು ಹೇಳಿದ್ದು" ಅಂತ ಬರೆದು ನೋಡಿ. ಅದು ಎಷ್ಟು ಚಿಕ್ಕದು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ-ಶರ್ಟ್ ಹಾಕಿಸಿ ಜನರಿದ್ದ ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧದಷ್ಟು ಜನ ಗಮನಿಸಿರಬೇಕು ಅಂತ ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ನೀವು "ಏನಿಲ್ಲ" ಅಂದು ಕೂತದ್ದು ನಿಮಗೆ ನೆನಪಿರುವಷ್ಟು ಅಲ್ಲಿದ್ದವರಿಗೆ ನೆನಪಿಲ್ಲ.

ಶಿಬಿರಕ್ಕೆ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ. ಎನ್‌ಎಲ್‌ಪಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು, ಅದರ ದೊಡ್ಡ ಮಾತುಗಳಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಕಣ್ಣು ಹೊರಳುವ ದಿಕ್ಕು ನೋಡಿ ಸುಳ್ಳು ಹಿಡಿಯಬಹುದು ಅಂತ ಅದನ್ನು ಕಲಿಸುವ ಹಲವರು ಹೇಳುವುದನ್ನು 2012ರಲ್ಲಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಭಯ ತೀರಾ ಜಾಸ್ತಿಯಾಗಿ ನಿದ್ದೆ, ಊಟ ಕೆಟ್ಟರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಘನಾಶಿನಿ (ಕುಮಟಾ)

ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ಎಲ್ಲವೂ ತಲೆಯೊಳಗಿನದ್ದೇ ಅಂತ ನಾನು ಒಪ್ಪುವುದಿಲ್ಲ. ಐವತ್ತು ಗಂಡಸರ ನಡುವೆ ಒಬ್ಬ ಹುಡುಗಿ ಎದ್ದು ನಿಂತರೆ ಕೇಳಿಸಿಕೊಳ್ಳದವರು ನಿಜವಾಗಿಯೂ ಇರುತ್ತಾರೆ. ಅದಕ್ಕೆ ನೋಟ್‌ಬುಕ್ ಸಾಲದು. ಮುಂಚೆಯೇ ಒಬ್ಬರ ಹತ್ತಿರ "ನಾನು ಹೀಗೆ ಹೇಳ್ತೇನೆ, ನೀವು ದನಿ ಸೇರಿಸಿ" ಅಂತ ಹೇಳಿಟ್ಟುಕೊಳ್ಳಿ. ನಮ್ಮ ಸ್ವಸಹಾಯ ಸಂಘದಲ್ಲಿ ನಾವು ಹಾಗೇ ಮಾಡುವುದು.

ಅಪ್ಪನ ವಿಷಯಕ್ಕೆ ನನಗೆ ಉಪಯೋಗ ಆಗಿದ್ದು ಮಾರ್ಷಲ್ ರೋಸೆನ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಕ್ರಮ. ಕಂಡದ್ದು, ಅನ್ನಿಸಿದ್ದು, ಬೇಕಾದ್ದು, ಕೇಳುವುದು, ಈ ನಾಲ್ಕನ್ನು ಬೇರೆ ಬೇರೆ ಹೇಳುವುದು. ನಾನು ಮನೆಯವರಿಗೆ "ನೀವು ಯಾವಾಗಲೂ ನನ್ನ ಮಾತು ಕೇಳೋದೇ ಇಲ್ಲ" ಅನ್ನುತ್ತಿದ್ದೆ. "ಯಾವಾಗಲೂ" ಅಂದ ಕೂಡಲೇ ಜಗಳ. ಒಂದು ದಿನ "ನಿನ್ನೆ ಊಟಕ್ಕೆ ಕೂತಾಗ ಸಾಲದ ಕಂತಿನ ಮಾತು ತೆಗೆದೆ, ನೀವು ಎದ್ದು ಹೋದಿರಿ, ನನಗೆ ಬೇಜಾರಾಯ್ತು, ಒಬ್ಬಳೇ ಹೊರುವುದು ಕಷ್ಟ, ಇವತ್ತು ಹತ್ತು ನಿಮಿಷ ಕೂತು ಲೆಕ್ಕ ನೋಡೋಣವಾ?" ಅಂದೆ. ಅವರು ಕೂತರು. ನಾಲಿಗೆಯ ತುದಿಗೆ "ಯಾವಾಗಲೂ" ಬಂತು ಅಂತ ಗೊತ್ತಾಗುವುದೇ ಕಷ್ಟದ ಕೆಲಸ, ಅದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು.

ತೋಟದಮನೆ (ಶಿರಸಿ)

ಮೂವರಿಗೂ ತುಂಬಾ ಥ್ಯಾಂಕ್ಸ್. ಶಿಬಿರ ಬಿಟ್ಟೆ. ಹನ್ನೆರಡು ದಿನದಿಂದ ಬರೆಯುತ್ತಾ ಇದ್ದೇನೆ. "ಅಲ್ಲ" ಅನ್ನುವ ಸಾಕ್ಷಿ ಹುಡುಕುವಾಗ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು, ಅಡಿಕೆ ಕೊನೆ ಕೊಯ್ಯುವವರ ಜೊತೆ ಪ್ರತಿ ವರ್ಷ ಕೂಲಿ ಮಾತಾಡಿ ಮುಗಿಸುವವಳು ನಾನೇ. ಅಡಿಕೆ ವ್ಯಾಪಾರಿಗೆ ಫೋನ್ ಮಾಡಿ ದರ ಕೇಳುವವಳೂ ನಾನೇ. ಅದನ್ನು ನಾನು ಮಾತು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಿನ್ನೆ ರಾತ್ರಿ ಅಪ್ಪನಿಗೆ ಔಷಧಿ ತಂಡದ ಹಾಳೆ ತೋರಿಸಿದೆ. "ನೀವು ಯಾವತ್ತೂ" ಅಂತ ಬಾಯಿಗೆ ಬಂದಿತ್ತು, ನಿಲ್ಲಿಸಿದೆ. ಆಯಿ ಕೈಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೆನ್ನು ಕೇಳಿ, ಒಂದು ಮನೆಯ ಹೆಸರು ಹೊಡೆದು ಹಾಕಿ ಬೇರೆ ಎರಡು ಮನೆ ಸೇರಿಸಿದರು. ಮುಂದಿನ ಮೀಟಿಂಗಿಗೆ ಮೊದಲ ವಾಕ್ಯ ಗಟ್ಟಿ ಮಾಡಿಕೊಂಡಿದ್ದೇನೆ: "ಕೊಳೆ ಔಷಧಿ ತಂಡದ್ದು ಒಂದು ಲೆಕ್ಕ ತಂದಿದ್ದೇನೆ, ಓದುತ್ತೇನೆ." ದನಿ ಸೇರಿಸುವುದಕ್ಕೆ ಪಕ್ಕದ ಮನೆಯ ಅತ್ತಿಗೆ ಬರುತ್ತೇನೆ ಅಂದಿದ್ದಾಳೆ.