ಅಪ್ಪಾಜಿ ಚೆಕ್ ಎರಡ್ ಸಲ ವಾಪಸ್ ಬಂತ್ರಿ, ಏನ್ ಮಾಡೂದು?

ಪ್ರಶ್ನೆ: ನಮಸ್ಕಾರ್ರಿ. ನಮ್ಮೂರು ಗದಗ, ಪುಣೆದಾಗ ಕೊಥ್ರೂಡ್‌ನಾಗ ಇರ್ತೀವಿ. ಅಪ್ಪಾಜಿಗೆ 78, ಸೊಸೈಟಿ ಮೆಂಟೇನನ್ಸ್ ಇವತ್ತಿಗೂ ಚೆಕ್ಕಿನಾಗ ಕೊಡ್ತಾರ. ಹೋದ ತಿಂಗಳ ಸೊಸೈಟಿ ಹೆಸರಿನಾಗ ಒಂದ್ ಅಕ್ಷರ ತಪ್ಪಾತು, ಹೊಡದ್ ಹಾಕಿ ಮ್ಯಾಲೆ ಬರದು ಬಾಜೂಕ ಸಹಿ ಮಾಡಿದ್ರು, ಮೊದಲಿಂದ ಹಂಗ ಮಾಡ್ಕೋತ ಬಂದಾರ, ಈ ಸಲ ವಾಪಸ್ ಬಂತು. ಮತ್ತೊಂದು ಬರದು ಕೊಟ್ರ ಸಹಿ ಹೊಂದೂದಿಲ್ಲ ಅಂತ ಅದೂ ಬಂತು. ಅವರ್ದು ಕನ್ನಡ ಸಹಿ, ಈಗ ಕೈ ನಡಗತಾವು, ಕೊನೀ ‘ಪ್ಪ’ದ ಒತ್ತು ಗೆರಿ ಬಿಟ್ಟು ಕೆಳಗ ಇಳಿತೈತಿ. ಎರಡೂ ಸಲ ದಂಡ ಕಟ್ ಆತು. ‘ಖಾತೆದಾಗ ರೊಕ್ಕ ಐತಿ, ನನ್ನ ಕಳ್ಳ ಅಂತಾರೇನು’ ಅಂದು ಅವತ್ತು ಊಟಾನೂ ಮಾಡ್ಲಿಲ್ಲ. ಕನ್ನಡ ಸಹಿ ಅಂತ ಹಿಂಗ ಮಾಡ್ತಾರೇನ್ರಿ?

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್): ಓದಿ ಸಂಕಟ ಆಯ್ತು. ಕನ್ನಡ ಸಹಿ ಕಾರಣ ಅಲ್ಲ, ಯಾವ ಲಿಪಿ ಆದ್ರೂ ನಡೆಯುತ್ತೆ, ಬ್ಯಾಂಕಲ್ಲಿರೋ ಮಾದರಿ ಸಹಿಗೆ ಹೊಂದ್ಬೇಕು. ತಿದ್ದಿದ್ದರ ಕಥೆ ಬೇರೆ. ಮೊದಲು ಚೆಕ್ಕೇ ನಿಮ್ಮ ಬ್ರಾಂಚಿಗೆ ಬರ್ತಿತ್ತು, ಕೌಂಟರಲ್ಲಿ ಇರೋರಿಗೆ ಅಪ್ಪಾಜಿ ಮುಖಪರಿಚಯ ಇರ್ತಿತ್ತು, ಈಗ ಬ್ಯಾಂಕ್‌ಗಳ ನಡುವೆ ಚೆಕ್ ಪಾಸ್ ಮಾಡೋ ಸಿಟಿಎಸ್ ಅನ್ನೋ ವ್ಯವಸ್ಥೆಲಿ ಚೆಕ್ ಜಮಾ ಮಾಡಿದ ಬ್ಯಾಂಕಲ್ಲೇ ಉಳಿದು ಬರೀ ಫೋಟೊ ಹೋಗುತ್ತೆ, ಫೋಟೊ ನೋಡೋರಿಗೆ ತಿದ್ದಿದ್ದು ಯಾರು ಅಂತ ಹೇಗೆ ಗೊತ್ತಾಗ್ಬೇಕು? ಅದಕ್ಕೇ ರಿಸರ್ವ್ ಬ್ಯಾಂಕ್ 2010ರ ಡಿಸೆಂಬರ್‌ನಿಂದ ಹೆಸರು, ಮೊತ್ತ ಯಾವುದನ್ನೂ ತಿದ್ದಬಾರದು ಅಂತ ಮಾಡ್ತು, ತಾರೀಕು ನವೀಕರಣಕ್ಕೆ ಮಾತ್ರ ವಿನಾಯಿತಿ. ಒಂದಕ್ಷರ ತಪ್ಪಿದ್ರೂ ಆ ಹಾಳೆ ಕ್ಯಾನ್ಸಲ್ ಮಾಡಿ ಹೊಸದು ಬರೀರಿ.

ಸಹಿಗೆ ಒಂದೇ ದಾರಿ, ಆಧಾರ್ ಪಾಸ್‌ಬುಕ್ ತಗೊಂಡು ಅಪ್ಪಾಜಿನ ಬ್ರಾಂಚಿಗೆ ಕರ್ಕೊಂಡ್ಹೋಗಿ ಮಾದರಿ ಸಹಿ ಬದಲಾಯಿಸಿ. ಈಗ ಕೈ ಹೇಗೆ ಓಡುತ್ತೋ ಹಾಗೇ ಹಾಕ್ಲಿ, ಚಿಕ್ಕದಾದಷ್ಟೂ ಒಳ್ಳೇದು. ಓಡಾಡೋದು ಕಷ್ಟ ಇದ್ರೆ 70 ದಾಟಿದವರಿಗೆ ಮನೆಗೇ ಬರೋ ಸೇವೆ ಇದೆ, ಕೇಳಿ ನೋಡಿ.

ಪ್ರಶ್ನೆ: ಮುಂದ ಸಹಿ ಮಾಡಾಕ ಆಗ್ಲೇ ಇಲ್ಲಂದ್ರ?

ಉತ್ತರ: ಹೆಬ್ಬೆಟ್ಟು ಒತ್ತಿ ದುಡ್ಡು ತೆಗೀಬಹುದು, ಬ್ಯಾಂಕಿಗೆ ಗೊತ್ತಿರೋ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿನೇ ಆಗಿರ್ಬೇಕು. ಬ್ಯಾಂಕಿನೋರು ಆಗಲ್ಲ ಅಂದ್ರೆ ಅವರಿಗೇ ಬರವಣಿಗೆಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹಾಕಿ, ಫೀಸ್ ಇಲ್ಲ. ನಾನು ಕೌಂಟರಲ್ಲಿ ಕೂತವನು, ಇಂಥ ಹಿರಿಯರನ್ನ ಬರಿಗೈಲಿ ಕಳಿಸೋದು ತಪ್ಪು.

ಪ್ರಶ್ನೆ: ಭಾಳ ಉಪಕಾರ ಆತ್ರಿ. ಸೋಮವಾರ ಕರ್ಕೊಂಡ್ ಹೋಗ್ತೀನಿ. ಈಗ ಹಳೇ ಕ್ಯಾಲೆಂಡರ್ ಹಿಂದ ಬರೇ ಮೊದಲಕ್ಷರ, ಅಡ್ಡಹೆಸರು ಹಾಕ್ಸಿ ನೋಡ್ದೆ, ಹತ್ತೂ ಒಂದ ಥರ ಬಂದಾವು.